ಬಣ್ಣದ ಲಡಿ, ದೇಣಿಗೆಯ ಲೆಕ್ಕ: ಕ್ಯಾನ್ಸರ್ ಜಾಗೃತಿಗಾಗಿ ಮಾರುವ ಕೈಬಣ್ಣದ ನೂಲಿನ ವಿಮರ್ಶೆ

ಕ್ಯಾನ್ಸರ್ ಜಾಗೃತಿಯ ಹೆಸರಿನಲ್ಲಿ ಮಾರಾಟವಾಗುವ ಲೋಟ, ಅಂಗಿ, ಕೀಲಿಗೊಂಚಲುಗಳ ನಡುವೆ ಕೈಯಿಂದ ಬಣ್ಣ ಹಾಕಿದ ಉಣ್ಣೆಯ ನೂಲಿಗೆ ಒಂದು ಅನುಕೂಲವಿದೆ. ಕೊಂಡವರು ಅದನ್ನು ಗಂಟೆಗಟ್ಟಲೆ ಕೈಯಲ್ಲಿ ಹಿಡಿದು ಕೂರಲೇಬೇಕು. ಒಂದು ಜೊತೆ ಕಾಲುಚೀಲ ಮುಗಿಯುವಷ್ಟರಲ್ಲಿ ಆ ಬಣ್ಣ ಯಾಕೆ, ಯಾವುದಕ್ಕೆ ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಹೆಣೆಯದೆ ಪೆಟ್ಟಿಗೆಯಲ್ಲಿ ನೂಲು ಕೂಡಿಡುವ ಚಟದವರ ಮಾತು ಬೇರೆ. ಈ ವಿಮರ್ಶೆಗೆ ತೆಗೆದುಕೊಂಡಿರುವುದು ಒಬ್ಬರೇ ನಡೆಸುವ ಸಣ್ಣ ಬಣ್ಣಗಾರಿಕೆ ಘಟಕವೊಂದು ಮುಂಗಡ ಬೇಡಿಕೆಯ ಮೇಲೆ ಮಾರುವ ಸರಣಿ: ಗುಲಾಬಿ, ಟೀಲ್ ಎಂದು ಕರೆಯುವ ಹಸಿರು ಬೆರೆತ ನೀಲಿ, ಚಿನ್ನದ ಬಣ್ಣ ಮತ್ತು ಲ್ಯಾವೆಂಡರ್ ಬಣ್ಣಗಳಲ್ಲಿ ತಲಾ 100 ಗ್ರಾಂ ತೂಕದ ಲಡಿಗಳು, ಪ್ರತಿಯೊಂದರ ಜೊತೆ ಆ ಬಣ್ಣ ಸೂಚಿಸುವ ಕಾಯಿಲೆಯ ಕುರಿತು ಒಂದು ಮಾಹಿತಿ ಚೀಟಿ, ಮತ್ತು ಪ್ರತಿ ಲಡಿಗೆ ಇಂತಿಷ್ಟು ಎಂದು ಮೊದಲೇ ಘೋಷಿಸಿದ ದೇಣಿಗೆ. ಘಟಕದ ಹೆಸರನ್ನು ಇಲ್ಲಿ ಬರೆದಿಲ್ಲ. ನಾನು ಎತ್ತಿ ತೋರಿಸುವ ದೋಷಗಳು ಈ ಬಗೆಯ ಬೇರೆ ಮಾರಾಟಗಳಲ್ಲೂ ಕಾಣುವಂಥವೇ ಆಗಿರುವುದರಿಂದ ಒಬ್ಬರನ್ನು ಮಾತ್ರ ಕಟಕಟೆಗೆ ನಿಲ್ಲಿಸುವುದು ನ್ಯಾಯವಾಗದು. ನೂಲು ಉತ್ತಮವಾಗಿದೆ, ದೇಣಿಗೆಯ ಕರಾರು ಬಹುಮಟ್ಟಿಗೆ ಸ್ಪಷ್ಟವಾಗಿದೆ, ಚೀಟಿಗಳ ಗುಣಮಟ್ಟ ಮಾತ್ರ ಒಂದೊಂದರದು ಒಂದೊಂದು ತೆರನಾಗಿದೆ.

ಮೊದಲು ನೂಲನ್ನು ನೂಲಾಗಿಯೇ ನೋಡಬೇಕು; ಸತ್ಕಾರ್ಯಕ್ಕೆ ಸಂದಾಯವಾಗುತ್ತದೆ ಎಂಬ ಕಾರಣಕ್ಕೆ ಕಳಪೆ ಸರಕನ್ನು ಸಹಿಸಿಕೊಳ್ಳುವ ಅಗತ್ಯ ಯಾರಿಗೂ ಇಲ್ಲ. ಇದು 75 ಭಾಗ ಮೆರಿನೋ ಉಣ್ಣೆಗೆ 25 ಭಾಗ ನೈಲಾನ್ ಸೇರಿಸಿ ಹುರಿಮಾಡಿದ, ಕಾಲುಚೀಲಕ್ಕೂ ತೆಳುವಾದ ಶಾಲಿಗೂ ಸಲ್ಲುವ ಸಣ್ಣ ನೂಲು. 100 ಗ್ರಾಂಗೆ ಸುಮಾರು 420 ಮೀಟರ್ ಉದ್ದ ಸಿಗುತ್ತದೆ. ಎಳೆಗಳು ಬಿಗಿಯಾಗಿ ಹುರಿಗೊಂಡಿರುವುದರಿಂದ ಕಡ್ಡಿಯ ಮೊನೆಗೆ ಅರ್ಧ ಎಳೆ ಸಿಕ್ಕಿ ಇನ್ನರ್ಧ ಜಾರಿಹೋಗುವ ತೊಂದರೆ ಇಲ್ಲ, ಹೆಣಿಗೆಯ ಮೇಲ್ಮೈ ಸಮವಾಗಿ ಬರುತ್ತದೆ, ಮತ್ತು ಹಿಮ್ಮಡಿಯ ಜಾಗದಲ್ಲಿ ಸವೆತ ತಡೆಯುವ ಕೆಲಸವನ್ನು ನೈಲಾನ್ ಮಾಡುತ್ತದೆ. ನೂಲು ಉಂಡೆಯ ರೂಪದಲ್ಲಿಲ್ಲ, ತಿರುಚಿದ ಲಡಿಯಾಗಿ ಬರುತ್ತದೆ ಎಂಬುದನ್ನು ಹೊಸಬರು ಗಮನಿಸಬೇಕು. ಅದನ್ನು ಕುರ್ಚಿಯ ಬೆನ್ನಿಗೋ ಇನ್ನೊಬ್ಬರ ಎರಡು ಕೈಗಳಿಗೋ ಹಾಕಿ, ಕಟ್ಟುಗಳನ್ನು ಒಂದೊಂದಾಗಿ ಬಿಡಿಸಿ, ಉಂಡೆಯಾಗಿ ಸುತ್ತಿಕೊಂಡ ಮೇಲೆಯೇ ಹೆಣೆಯಲು ಕೂರಬೇಕು. ಲಡಿಯಿಂದಲೇ ನೇರವಾಗಿ ಹೆಣೆಯಲು ಹೊರಟವರಿಗೆ ಅರ್ಧ ದಿನ ಸಿಕ್ಕು ಬಿಡಿಸುವುದೇ ಕೆಲಸವಾದೀತು. ಈ ಘಟಕದವರು ಪ್ರತಿ ಲಡಿಗೂ ನಾಲ್ಕು ಕಡೆ ಎಂಟರ ಆಕಾರದ ಸಡಿಲ ಕಟ್ಟು ಹಾಕಿರುವುದು ಅವರ ಅನುಭವಕ್ಕೆ ಸಾಕ್ಷಿ: ಕಟ್ಟು ಬಿಗಿಯಾಗಿದ್ದರೆ ಅದರಡಿಗೆ ಬಣ್ಣ ಇಳಿಯದೆ ಬಿಳಿ ಮಚ್ಚೆ ಉಳಿದುಬಿಡುತ್ತದೆ, ಇಲ್ಲಿ ಅಂಥ ಮಚ್ಚೆ ಎಲ್ಲೂ ಕಾಣಲಿಲ್ಲ.

ಯಂತ್ರದಲ್ಲಿ ಒಗೆದರೂ ಮುದುಡಿ ಗಟ್ಟಿಯಾಗದಂತೆ ಸಂಸ್ಕರಿಸಿದ ಉಣ್ಣೆ ಇದು. ಉಣ್ಣೆಯ ನಾರಿನ ಮೈಮೇಲೆ ಹುರುಪೆಗಳಿರುತ್ತವೆ. ಬಿಸಿ, ನೀರು, ತಿಕ್ಕಾಟ ಮೂರೂ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗುತ್ತದೆ. ಕ್ಲೋರಿನ್ ಸಂಸ್ಕರಣೆಯಿಂದ ಹುರುಪೆಗಳನ್ನು ತಗ್ಗಿಸಿ, ಮೇಲೆ ರಾಳದ ತೆಳು ಪದರ ಹಚ್ಚುವುದು ಅದನ್ನು ತಪ್ಪಿಸುವ ರೂಢಿಯ ವಿಧಾನ. ಪರಿಸರದ ದೃಷ್ಟಿಯಿಂದ ಇದಕ್ಕೆ ಆಕ್ಷೇಪಗಳಿವೆ, ಅವು ನಿರಾಧಾರವೂ ಅಲ್ಲ. ಆದರೆ ಬಣ್ಣಗಾರರು ಇದನ್ನೇ ಮೆಚ್ಚುವುದಕ್ಕೆ ಕಾರಣವಿದೆ: ಇಂತಹ ನಾರು ಬಣ್ಣವನ್ನು ಬೇಗ, ಗಾಢವಾಗಿ ಹೀರುತ್ತದೆ. ಇದರ ಇನ್ನೊಂದು ಪರಿಣಾಮವನ್ನು ಚೀಟಿಯಲ್ಲಿ ಹೇಳಬೇಕಿತ್ತು, ಹೇಳಿಲ್ಲ. ಹುರುಪೆಗಳ ಹಿಡಿತ ಇಲ್ಲದ ಉಣ್ಣೆ ಒದ್ದೆಯಾದಾಗ ಜೋಲುತ್ತದೆ. ನಾನು ಹೆಣೆದ ಮಾದರಿ ಚೌಕವು ತೊಳೆದು ಒಣಗಿಸಿದ ಮೇಲೆ ಉದ್ದದಲ್ಲಿ ಕಣ್ಣಿಗೆ ಕಾಣುವಷ್ಟು ಬೆಳೆದಿತ್ತು. ಶಾಲಿಗೆ ಇದರಿಂದ ತೊಂದರೆಯಿಲ್ಲ. ಸ್ವೆಟರ್ ಹೆಣೆಯುವವರು ಮಾತ್ರ ಮಾದರಿಯನ್ನು ತೊಳೆಯದೆ ಅಳತೆ ತೆಗೆದರೆ ತೋಳು ಬೆರಳ ತುದಿ ಮುಟ್ಟುವುದು ಖಂಡಿತ.

ಬಣ್ಣದ ವಿಚಾರದಲ್ಲಿ ಹೆಚ್ಚು ಹೇಳುವುದಿದೆ. ಉಣ್ಣೆಗೆ ಹಾಕುವ ಆಸಿಡ್ ಡೈಗಳು ಕೆಲಸ ಮಾಡುವ ಬಗೆ ಸರಳ: ನೀರಿಗೆ ಸಿಟ್ರಿಕ್ ಆಮ್ಲವನ್ನೋ ವಿನೆಗರನ್ನೋ ಬೆರೆಸಿದಾಗ ಉಣ್ಣೆಯ ಪ್ರೋಟೀನಿನಲ್ಲಿರುವ ಅಮೈನೋ ಗುಂಪುಗಳು ಧನ ಆವೇಶ ಪಡೆಯುತ್ತವೆ, ಋಣ ಆವೇಶದ ಬಣ್ಣದ ಅಣುಗಳು ಅವಕ್ಕೆ ಅಂಟಿಕೊಳ್ಳುತ್ತವೆ, ಕುದಿಯುವ ಹಂತಕ್ಕಿಂತ ತುಸು ಕೆಳಗಿನ ಬಿಸಿಯಲ್ಲಿ ಸಾಕಷ್ಟು ಹೊತ್ತು ಇಟ್ಟರೆ ಬಣ್ಣ ನಾರಿನೊಳಗೆ ನೆಲೆಗೊಳ್ಳುತ್ತದೆ. ಕೆಲಸ ಸರಿಯಾಗಿ ಮುಗಿದಿದೆ ಎನ್ನುವುದಕ್ಕೆ ಗುರುತು, ಪಾತ್ರೆಯಲ್ಲಿ ಉಳಿದ ನೀರು ತಿಳಿಯಾಗುವುದು. ಗುಲಾಬಿ, ಚಿನ್ನ, ಲ್ಯಾವೆಂಡರ್ ಮೂರೂ ಲಡಿಗಳನ್ನು ಬಿಳಿ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರಿಗೆ ಹಾಕಿಟ್ಟೆ. ನೀರು ಹಾಗೆಯೇ ಇತ್ತು. ಟೀಲ್ ಲಡಿಯನ್ನು ಹಾಕಿದ ಕೂಡಲೇ ಅಂಚಿನಿಂದ ನೀಲಿಯ ಎಳೆಗಳು ಹೊರಟು ಬೋಗುಣಿಯ ತಳದಲ್ಲಿ ಹರಡಿಕೊಂಡವು, ನೀರು ತಿಳಿಯಾಗಲು ಮೂರು ಸಲ ಬದಲಾಯಿಸಬೇಕಾಯಿತು. ವೈಡೂರ್ಯದಂಥ ನೀಲಿ ಬಣ್ಣದ ಅಣುಗಳು ದೊಡ್ಡವು, ನಾರಿನೊಳಗೆ ನಿಧಾನವಾಗಿ ಇಳಿಯುತ್ತವೆ, ಹೆಚ್ಚು ಹೊತ್ತಿನ ಬಿಸಿಯನ್ನು ಬೇಡುತ್ತವೆ. ಬಣ್ಣಗಾರರಿಗೆಲ್ಲ ತಿಳಿದ ವಿಷಯವಿದು. ಮೂರನೆಯ ಜಾಲಾಟದ ನಂತರ ಬಣ್ಣ ಬಿಡುವುದು ನಿಂತಿತು, ನೂಲಿನ ಗಾಢತೆಯೂ ಕುಂದಲಿಲ್ಲ, ಹೀಗಾಗಿ ಇದು ಬಣ್ಣ ಕೂತಿಲ್ಲದ ದೋಷವಲ್ಲ, ಹೆಚ್ಚುವರಿ ಬಣ್ಣವನ್ನು ಪೂರ್ತಿ ಜಾಲಿಸದ ಅವಸರ. ಆದರೆ ಟೀಲ್ ಜೊತೆ ಬಿಳಿ ನೂಲು ಸೇರಿಸಿ ಪಟ್ಟೆ ಹೆಣೆಯುವವರಿಗೆ ಈ ಅವಸರ ದುಬಾರಿಯಾದೀತು. ಗರ್ಭಕಂಠದ ಕ್ಯಾನ್ಸರಿಗೆ ಟೀಲ್ ಮತ್ತು ಬಿಳಿ ಎರಡನ್ನೂ ಸೇರಿಸಿ ಬಳಸುವ ರೂಢಿ ಇರುವುದರಿಂದ ಇಂಥ ಪಟ್ಟೆಗಳನ್ನು ಹೆಣೆಯುವವರು ಖಂಡಿತ ಇರುತ್ತಾರೆ, ಆದ್ದರಿಂದ ಮೊದಲು ಲಡಿಯನ್ನು ಜಾಲಿಸಿ ಎಂಬ ಒಂದು ಸಾಲು ಲೇಬಲ್ಲಿನಲ್ಲಿ ಇರಲೇಬೇಕಿತ್ತು.

ಛಾಯೆಗಳ ಆಯ್ಕೆಯನ್ನು ಮೆಚ್ಚಲೇಬೇಕು. ಗುಲಾಬಿ ಎಂದರೆ ಆಟಿಕೆಯ ಡಬ್ಬಿಯ ಗುಲಾಬಿ ಎಂದುಕೊಂಡು ಹಿಂಜರಿದಿದ್ದೆ. ಬಂದದ್ದು ತುಸು ಕಂದು ಹೊಯ್ದ, ಒಣಗಿದ ಹೂವಿನ ಬಣ್ಣ, ವಯಸ್ಸಾದವರೂ ಗಂಡಸರೂ ಸಂಕೋಚವಿಲ್ಲದೆ ತೊಡುವಂಥದ್ದು. ಚಿನ್ನದ ಬಣ್ಣದಲ್ಲಿ ಹಳದಿಯ ಮೇಲೆ ಅಲ್ಲಲ್ಲಿ ತಾಮ್ರದ ಚಿಮುಕು ಹನಿಗಳಿವೆ. ಲ್ಯಾವೆಂಡರ್ ಸಪ್ಪೆ. ಒಂದೇ ಬಣ್ಣದ ಎರಡು ಲಡಿಗಳ ನಡುವೆ ವ್ಯತ್ಯಾಸ ಇದ್ದೇ ಇರುತ್ತದೆ, ಕೈಬಣ್ಣದ ನೂಲಿನಲ್ಲಿ ಅದನ್ನು ದೋಷವೆಂದು ಎಣಿಸುವಂತಿಲ್ಲ. ದೊಡ್ಡ ಉಡುಪಿಗೆ ಎರಡು ಲಡಿಗಳಿಂದ ಎರಡೆರಡು ಸಾಲು ಅದಲುಬದಲಾಗಿ ಹೆಣೆದರೆ ಒಂದು ಮುಗಿದು ಇನ್ನೊಂದು ಶುರುವಾದ ಗೆರೆ ಎದ್ದು ಕಾಣುವುದಿಲ್ಲ. ಚಿನ್ನದ ಲಡಿಯಲ್ಲಿ ಹನಿಗಳು ಸಮ ಅಂತರದಲ್ಲಿ ಬಿದ್ದಿರುವುದರಿಂದ ಕಾಲುಚೀಲದಂತಹ ಸಣ್ಣ ಸುತ್ತಿನಲ್ಲಿ ಅವೆಲ್ಲ ಒಂದೇ ಬದಿಗೆ ಗುಂಪುಗೂಡಿ ಕಲೆಯಂತೆ ಕಾಣುತ್ತವೆ. ಶಾಲಿನ ಅಗಲಕ್ಕೆ ಅದೇ ನೂಲು ಅಂದವಾಗಿ ಹರಡಿಕೊಳ್ಳುತ್ತದೆ.

ಇನ್ನು ಹಣದ ಮಾತು. ಇಂತಹ ಮಾರಾಟಗಳಲ್ಲಿ ಹೆಚ್ಚಾಗಿ ಕಾಣುವ ವಾಕ್ಯ ‘ಲಾಭದ ಒಂದು ಭಾಗವನ್ನು ಕ್ಯಾನ್ಸರ್ ಸೇವೆಗೆ ನೀಡಲಾಗುವುದು’ ಎಂಬುದು. ಎಷ್ಟು ಭಾಗ, ಯಾವ ಸೇವೆ, ಲಾಭವೆಂದರೆ ಏನನ್ನೆಲ್ಲ ಕಳೆದ ಮೇಲೆ ಉಳಿದದ್ದು ಎಂಬ ಮೂರು ಪ್ರಶ್ನೆಗಳಿಗೂ ಆ ವಾಕ್ಯದಲ್ಲಿ ಉತ್ತರವಿಲ್ಲ. ಬಿಳಿ ನೂಲು, ಬಣ್ಣ, ಇಂಧನ, ಅಂಚೆ, ಬಣ್ಣಗಾರರ ಶ್ರಮ ಎಲ್ಲವನ್ನೂ ಕಳೆದರೆ ಉಳಿಯುವುದು ಶೂನ್ಯವೆಂದು ಯಾರು ಬೇಕಾದರೂ ಪ್ರಾಮಾಣಿಕವಾಗಿಯೇ ತೋರಿಸಬಹುದು. ಈ ಘಟಕ ಆ ದಾರಿ ಹಿಡಿದಿಲ್ಲ. ಪ್ರತಿ ಲಡಿಗೆ ನಿಗದಿತ ಮೊತ್ತ, ಅದು ಲಾಭವಾದರೂ ನಷ್ಟವಾದರೂ ಬದಲಾಗುವುದಿಲ್ಲ. ಹಣ ಪಡೆಯುವ ಸಂಸ್ಥೆಯ ಹೆಸರು ಕೊಳ್ಳುವ ಮೊದಲೇ ಗೊತ್ತಿರುತ್ತದೆ. ಬೇಡಿಕೆ ಮುಚ್ಚಿದ ಮೇಲೆ ಎಷ್ಟು ಲಡಿ ಮಾರಾಟವಾಯಿತು ಎಂಬ ಲೆಕ್ಕವನ್ನೂ ಸಂಸ್ಥೆ ಕೊಟ್ಟ ರಸೀದಿಯನ್ನೂ ಕೊಂಡವರಿಗೆಲ್ಲ ಕಳುಹಿಸುತ್ತಾರೆ. ಲಡಿಗಳ ಸಂಖ್ಯೆಯನ್ನು ನಿಗದಿತ ಮೊತ್ತದಿಂದ ಗುಣಿಸಿದರೆ ರಸೀದಿಯ ಅಂಕಿ ಬರಬೇಕು, ಬಂದಿದೆ. ಇಷ್ಟನ್ನು ಶಾಲೆಯ ಮಗುವೂ ಪರಿಶೀಲಿಸಬಹುದು ಎಂಬುದೇ ಈ ವ್ಯವಸ್ಥೆಯ ಹೆಚ್ಚುಗಾರಿಕೆ.

ಒಂದು ಕೊರತೆ ಮಾತ್ರ ಉಳಿದಿದೆ. ದೇಣಿಗೆಗೆ ಗರಿಷ್ಠ ಮಿತಿ ಇದೆಯೇ ಇಲ್ಲವೇ ಎಂದು ಎಲ್ಲಿಯೂ ಬರೆದಿಲ್ಲ. ದೊಡ್ಡ ಕಂಪನಿಗಳ ಗುಲಾಬಿ ಸರಕುಗಳಲ್ಲಿ ಈ ಮಿತಿಯೇ ದೊಡ್ಡ ತಕರಾರಿನ ವಿಷಯ: ಮಿತಿ ತಲುಪಿದ ಮೇಲೂ ಸರಕು ಅದೇ ಬಣ್ಣದಲ್ಲಿ ಮಾರಾಟವಾಗುತ್ತಲೇ ಇರುತ್ತದೆ, ಕೊಳ್ಳುವವರು ತಮ್ಮ ಹಣವೂ ರೋಗಿಗಳಿಗೆ ಹೋಗುತ್ತಿದೆ ಎಂದೇ ನಂಬಿರುತ್ತಾರೆ. ಅಮೆರಿಕದ ಬ್ರೆಸ್ಟ್ ಕ್ಯಾನ್ಸರ್ ಆ್ಯಕ್ಷನ್ ಸಂಘಟನೆ 2002ರಲ್ಲಿ ಇಂಥ ಮಾರಾಟಗಳ ವಿರುದ್ಧ ಅಭಿಯಾನವನ್ನೇ ಆರಂಭಿಸಿ, ಎಷ್ಟು ಹಣ, ಯಾರಿಗೆ, ಯಾವ ಕೆಲಸಕ್ಕೆ, ಮತ್ತು ಮಾರುವ ಸರಕೇ ಆರೋಗ್ಯಕ್ಕೆ ಹಾನಿಕರವೇ ಎಂದು ಕೇಳುವಂತೆ ಗ್ರಾಹಕರನ್ನು ಒತ್ತಾಯಿಸಿತು. ಮುಂಗಡ ಬೇಡಿಕೆಯ ಸಣ್ಣ ಮಾರಾಟಕ್ಕೆ ಮಿತಿಯ ಸಮಸ್ಯೆ ಬರಲಾರದು. ಆದರೂ ಮಿತಿ ಇಲ್ಲ ಎಂದು ಒಂದು ಸಾಲಿನಲ್ಲಿ ಹೇಳಿಬಿಟ್ಟರೆ ಅನುಮಾನಕ್ಕೆ ಎಡೆಯೇ ಇರುವುದಿಲ್ಲ. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ನೂಲು ಬೇಡ, ದಾನ ಮಾಡುವುದಷ್ಟೇ ಉದ್ದೇಶ ಎನ್ನುವವರು ಲಡಿ ಕೊಳ್ಳದೆ ಪೂರ್ತಿ ಹಣವನ್ನು ಸಂಸ್ಥೆಗೆ ನೇರವಾಗಿ ಕೊಡುವುದೇ ಲೇಸು. ಹೇಗೂ ನೂಲು ಕೊಳ್ಳುವವರಿಗೆ ಈ ಮಾರಾಟ.

ಚೀಟಿಗಳ ವಿಷಯಕ್ಕೆ ಬರುವ ಮೊದಲು ಸ್ತನ ಕ್ಯಾನ್ಸರ್ ಜಾಗೃತಿಯ ಗುರುತಾದ ಗುಲಾಬಿ ರಿಬ್ಬನ್ನಿನ ಹಳೆಯ ಕಥೆಯನ್ನು ಸ್ವಲ್ಪ ನೆನೆಯಬೇಕಾಗಿದೆ. 1991ರಲ್ಲಿ ಸೂಸನ್ ಜಿ. ಕೋಮೆನ್ ಪ್ರತಿಷ್ಠಾನ ನ್ಯೂಯಾರ್ಕ್ ನಗರದ ಓಟದಲ್ಲಿ ಗುಲಾಬಿ ರಿಬ್ಬನ್ ಹಂಚಿತು. 1992ರಲ್ಲಿ ಸೆಲ್ಫ್ ಪತ್ರಿಕೆಯೂ ಎಸ್ಟೀ ಲಾಡರ್ ಕಂಪನಿಯ ಎವೆಲಿನ್ ಲಾಡರ್ ಅವರೂ ಸೇರಿ ಅದನ್ನು ಎಲ್ಲೆಡೆ ಹರಡಿದರು. ಆದರೆ ಅದಕ್ಕೂ ಮೊದಲೇ ಶಾರ್ಲಟ್ ಹೇಲಿ ಎಂಬ ಅಮೆರಿಕದ ಮಹಿಳೆ ಪೀಚ್ ಹಣ್ಣಿನ ಬಣ್ಣದ ರಿಬ್ಬನ್‌ಗಳನ್ನು ಕೈಯಿಂದಲೇ ಮಾಡಿ, ಒಂದು ಚೀಟಿಗೆ ಐದರಂತೆ ಸಿಕ್ಕಿಸಿ ಹಂಚುತ್ತಿದ್ದರು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಆಯವ್ಯಯದಲ್ಲಿ ಕೇವಲ ಶೇ. 5ರಷ್ಟು ಹಣ ರೋಗ ತಡೆಗೆ ಹೋಗುತ್ತಿದೆ, ಶಾಸಕರನ್ನು ಎಚ್ಚರಿಸಿ ಎಂಬುದು ಆ ಚೀಟಿಯ ಒಕ್ಕಣೆ. ತಮ್ಮ ರಿಬ್ಬನ್ನು ವಾಣಿಜ್ಯಕ್ಕೆ ಬಳಕೆಯಾಗುವುದು ಬೇಡವೆಂದು ಅವರು ಪತ್ರಿಕೆಯ ಕೋರಿಕೆಯನ್ನು ನಿರಾಕರಿಸಿದ್ದರಿಂದಲೇ ಬೇರೆ ಬಣ್ಣ ಆರಿಸಬೇಕಾಗಿ ಬಂದು ಗುಲಾಬಿ ನೆಲೆಯೂರಿತು. ಬಣ್ಣ ಉಳಿಯಿತು, ಒಕ್ಕಣೆ ಹೋಯಿತು. ಜಾಗೃತಿಯ ಹೆಸರಿನ ಯಾವ ಸರಕನ್ನು ನೋಡಿದರೂ ನಾನು ಮೊದಲು ಹುಡುಕುವುದು ಆ ಒಕ್ಕಣೆಯನ್ನು: ಓದಿದವರಿಗೆ ಗೊತ್ತಿರದ, ಗೊತ್ತಾದರೆ ಉಪಯೋಗಕ್ಕೆ ಬರುವ ಒಂದು ಮಾತಾದರೂ ಇದರಲ್ಲಿದೆಯೇ?

ಟೀಲ್ ಲಡಿಯ ಚೀಟಿಯಲ್ಲಿ ಇದೆ. ಅಂಡಾಶಯದ ಕ್ಯಾನ್ಸರಿನ ಲಕ್ಷಣಗಳನ್ನು ಅದು ಸುತ್ತಿಬಳಸದೆ ಹೇಳುತ್ತದೆ: ಬಿಟ್ಟೂ ಬಿಡದ ಹೊಟ್ಟೆಯುಬ್ಬರ, ಕೆಳಹೊಟ್ಟೆಯ ನೋವು, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುವುದು, ಪದೇಪದೇ ಮೂತ್ರಕ್ಕೆ ಹೋಗಬೇಕೆನ್ನಿಸುವುದು. ಇವೆಲ್ಲ ಅಜೀರ್ಣವೆಂದು ತಳ್ಳಿಹಾಕುವಂಥ ಸಾಮಾನ್ಯ ತೊಂದರೆಗಳೇ; ಹೊಸದಾಗಿ ಶುರುವಾಗಿ ವಾರಗಟ್ಟಲೆ ಮುಂದುವರಿದರೆ ವೈದ್ಯರ ಬಳಿ ಹೋಗಬೇಕು. ಅದಕ್ಕಿಂತ ಮುಖ್ಯವಾಗಿ, ಪ್ಯಾಪ್ ಪರೀಕ್ಷೆ ಗರ್ಭಕಂಠದ ಕ್ಯಾನ್ಸರಿಗೆ ಸಂಬಂಧಿಸಿದ್ದು, ಅಂಡಾಶಯದ ಕಾಯಿಲೆಯನ್ನು ಅದು ಪತ್ತೆಹಚ್ಚುವುದಿಲ್ಲ ಎಂದು ಚೀಟಿ ಸ್ಪಷ್ಟಪಡಿಸುತ್ತದೆ. ಲಕ್ಷಣಗಳಿಲ್ಲದ ಎಲ್ಲ ಮಹಿಳೆಯರಿಗೂ ಮಾಡಬಹುದಾದ ನಂಬಿಕಸ್ಥ ತಪಾಸಣೆ ಈ ಕಾಯಿಲೆಗೆ ಇನ್ನೂ ಇಲ್ಲ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ, 2021ರಲ್ಲಿ ಅಂತಿಮ ಫಲಿತಾಂಶ ಪ್ರಕಟವಾದ ಪ್ರಯೋಗದಲ್ಲಿ ರಕ್ತಪರೀಕ್ಷೆ, ಸ್ಕ್ಯಾನ್‌ಗಳಿಂದ ಸಾವಿನ ಪ್ರಮಾಣ ಇಳಿಯಲಿಲ್ಲ. ತಪಾಸಣೆ ಇಲ್ಲದ ಕಡೆ ಲಕ್ಷಣಗಳ ಅರಿವೇ ಆಸರೆ, ಆದ್ದರಿಂದ ಈ ಚೀಟಿಗೆ ನಿಜವಾದ ಬೆಲೆ ಇದೆ.

ಚಿನ್ನದ ಬಣ್ಣ ಮಕ್ಕಳ ಕ್ಯಾನ್ಸರಿನದು. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳು ಮತ್ತು ಹದಿಹರೆಯದವರು ಕ್ಯಾನ್ಸರಿಗೆ ತುತ್ತಾಗುತ್ತಾರೆ; ಶ್ರೀಮಂತ ದೇಶಗಳಲ್ಲಿ ಶೇ. 80ಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ, ಬಡ ದೇಶಗಳಲ್ಲಿ ಹಲವೆಡೆ ಈ ಪ್ರಮಾಣ ಶೇ. 30ಕ್ಕಿಂತ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಆರಂಭಿಸಿದ ಕಾರ್ಯಕ್ರಮದ ಗುರಿ 2030ರ ಹೊತ್ತಿಗೆ ಕನಿಷ್ಠ ಶೇ. 60ರಷ್ಟು ಮಕ್ಕಳು ಬದುಕುಳಿಯುವಂತೆ ಮಾಡುವುದು. ಚೀಟಿಯಲ್ಲಿ ಈ ಅಂತರದ ಪ್ರಸ್ತಾಪವಿದೆ. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಮಗುವಿನ ಕಣ್ಣಿನ ಪಾಪೆ ಕೆಂಪಾಗಿ ಕಾಣುವ ಬದಲು ಬೆಳ್ಳಗೆ ಹೊಳೆದರೆ ರೆಟಿನೋಬ್ಲಾಸ್ಟೋಮಾ ಎಂಬ ಕಣ್ಣಿನ ಕ್ಯಾನ್ಸರ್ ಇರಬಹುದು, ತಡಮಾಡದೆ ತೋರಿಸಿ ಎಂಬಂಥ ಒಂದು ಮಾತನ್ನೂ ಸೇರಿಸಿದ್ದರೆ ಚೀಟಿ ಇನ್ನೂ ಉಪಯುಕ್ತವಾಗುತ್ತಿತ್ತು.

ಗುಲಾಬಿ ಚೀಟಿ ನಿರಾಶೆ ತಂದಿತು. ಧೈರ್ಯ, ಹೋರಾಟ, ನಗು ಎಂಬ ಮಾತುಗಳ ಕೆಳಗೆ, ತಿಂಗಳಿಗೊಮ್ಮೆ ಸ್ತನದ ಸ್ವಯಂಪರೀಕ್ಷೆ ಮಾಡಿಕೊಂಡರೆ ಜೀವ ಉಳಿಯುತ್ತದೆ ಎಂದು ಅಚ್ಚುಹಾಕಿದ್ದಾರೆ. ಅಷ್ಟು ಖಚಿತವಾಗಿ ಹೇಳಲು ಆಧಾರವಿಲ್ಲ. ಶಾಂಘೈನ ಜವಳಿ ಗಿರಣಿಗಳ ಸುಮಾರು 2.66 ಲಕ್ಷ ಮಹಿಳಾ ಕಾರ್ಮಿಕರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವು, ಸ್ವಯಂಪರೀಕ್ಷೆಯನ್ನು ಕ್ರಮವಾಗಿ ಕಲಿಸಿದವರಲ್ಲಿ ಸಾವುಗಳು ಕಡಿಮೆಯಾಗಲಿಲ್ಲ, ಅಪಾಯವಿಲ್ಲದ ಗಂಟುಗಳಿಗೆ ಬಯಾಪ್ಸಿ ಮಾತ್ರ ಹೆಚ್ಚಾಯಿತು ಎಂದು ತೋರಿಸಿತು. ನೂಲಿನ ಜೊತೆ ಕೊಡುವ ಚೀಟಿಯಲ್ಲಿ, ನೂಲಿನ ಕೆಲಸದ ಹೆಂಗಸರಿಂದಲೇ ಜಗತ್ತು ಕಲಿತ ಈ ಪಾಠ ಇಲ್ಲದಿರುವುದು ವಿಚಿತ್ರವಾಗಿ ಕಂಡಿತು. ಈಗಿನ ಸಲಹೆ ಬೇರೆ: ತನ್ನ ದೇಹದ ಸಹಜ ಸ್ಥಿತಿ ತಿಳಿದಿರಬೇಕು, ಗಂಟು, ಚರ್ಮ ಗುಳಿಬೀಳುವುದು, ತೊಟ್ಟು ಒಳಸರಿಯುವುದು, ಅದರಿಂದ ಸ್ರಾವ, ಕೆಂಪಾಗುವುದು ಇಂಥ ಬದಲಾವಣೆ ಕಂಡರೆ ಕಾಯದೆ ವೈದ್ಯರಿಗೆ ತೋರಿಸಬೇಕು, ವಯಸ್ಸಿಗೆ ತಕ್ಕ ಮ್ಯಾಮೋಗ್ರಫಿ (ಸ್ತನದ ಎಕ್ಸ್-ರೇ ತಪಾಸಣೆ) ತಪ್ಪಿಸಬಾರದು. ಸ್ತನ ಕ್ಯಾನ್ಸರಿನ ಪ್ರಕರಣಗಳಲ್ಲಿ ಶೇ. 0.5ರಿಂದ 1ರಷ್ಟು ಗಂಡಸರಲ್ಲಿ ಬರುತ್ತದೆ ಎಂಬುದೂ ಚೀಟಿಯಲ್ಲಿಲ್ಲ. ಲ್ಯಾವೆಂಡರ್ ಎಲ್ಲ ಕ್ಯಾನ್ಸರುಗಳಿಗೂ ಸಲ್ಲುವ ಬಣ್ಣ. ಅದರ ಚೀಟಿ ಎಲ್ಲದರ ಬಗ್ಗೆಯೂ ಹೇಳಹೋಗಿ ಯಾವುದರ ಬಗ್ಗೆಯೂ ಹೇಳಿಲ್ಲ.

ನಾಲ್ಕೂ ಚೀಟಿಗಳ ಹಿಂಬದಿಯಲ್ಲಿ ‘ಈ ನೂಲಿನಿಂದ ಚಿಕಿತ್ಸೆಯಲ್ಲಿರುವವರಿಗೆ ಟೊಪ್ಪಿಗೆ ಹೆಣೆದು ಕೊಡಿ’ ಎಂಬ ಸಲಹೆ ಇದೆ. ಉದ್ದೇಶ ಒಳ್ಳೆಯದು, ಸಲಹೆ ತಪ್ಪು. ಕೀಮೋಥೆರಪಿಯಿಂದ ಕೂದಲು ಉದುರಿದ ತಲೆಯ ಚರ್ಮ ಬಹಳ ಸೂಕ್ಷ್ಮವಾಗಿರುತ್ತದೆ. ಎಷ್ಟೇ ನಯವಾದ ಮೆರಿನೋ ಆದರೂ ಕೆಲವರಿಗೆ ತುರಿಸುತ್ತದೆ, ಒಳಬದಿಯ ಗಂಟು ಒತ್ತುತ್ತದೆ, ಮೇಲಾಗಿ ಕೈಬಣ್ಣದ ನೂಲನ್ನು ಆಸ್ಪತ್ರೆಯ ಬಿಸಿನೀರಿನ ಒಗೆತಕ್ಕೆ ಹಾಕುವಂತಿಲ್ಲ. ಮೆತ್ತನೆಯ ಹತ್ತಿ, ಬಿದಿರಿನ ನಾರಿನ ನೂಲು, ಅಥವಾ ನಯವಾದ ಅಕ್ರಿಲಿಕ್ ಇದಕ್ಕೆ ತಕ್ಕದ್ದು, ಹೊಲಿಗೆಯಿಲ್ಲದೆ ಸುತ್ತಾಗಿ ಹೆಣೆದರೆ ಇನ್ನೂ ಒಳ್ಳೆಯದು. ಸ್ತನವನ್ನು ತೆಗೆಸಿಕೊಂಡವರಿಗಾಗಿ ಸ್ವಯಂಸೇವಕರು ಹೆಣೆದು ಉಚಿತವಾಗಿ ಕೊಡುವ ಮೆತ್ತನೆಯ ಕೃತಕ ಸ್ತನಗಳಿಗೂ ಉಣ್ಣೆ ಸಲ್ಲದು. ಈ ನೂಲು ರೋಗಿಗಳಿಗೆ ಉಪಯೋಗಕ್ಕೇ ಬಾರದೆಂದಲ್ಲ. ಆಕ್ಸಾಲಿಪ್ಲಾಟಿನ್ ಎಂಬ ಔಷಧ ಪಡೆಯುವವರಿಗೆ ತಣ್ಣನೆಯ ವಸ್ತು ಮುಟ್ಟಿದರೆ ಬೆರಳುಗಳಲ್ಲಿ ಚುಚ್ಚಿದಂಥ ಜೋಮು ಬರುತ್ತದೆ. ಫ್ರಿಜ್ ತೆರೆಯುವಾಗ ಹಾಕಿಕೊಳ್ಳಲು ಬೆಚ್ಚನೆಯ ಕೈಗವಸು ಅವರಿಗೆ ನಿಜಕ್ಕೂ ಬೇಕು. ಆದರೆ ಕಂಕುಳಿನ ದುಗ್ಧರಸ ಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆಸಿಕೊಂಡವರಿಗೆ ಹೆಣೆಯುವಾಗ ಮುಂಗೈ ಪಟ್ಟಿ ಬಿಗಿಯಾಗಿರಬಾರದು, ತೋಳು ಊದಿಕೊಳ್ಳುವ ಸಾಧ್ಯತೆ ಇರುತ್ತದೆ. ಏನು ಬೇಕು, ಯಾವ ಬಣ್ಣ ಇಷ್ಟ ಎಂದು ಮೊದಲೇ ಕೇಳಿಬಿಡುವುದು ಉತ್ತಮ. ತಮ್ಮ ಕಾಯಿಲೆಯ ಬಣ್ಣವನ್ನೇ ತಲೆಯ ಮೇಲೆ ಹೊರಲು ಎಲ್ಲ ರೋಗಿಗಳೂ ಬಯಸುವುದಿಲ್ಲ.

ಸೇವೆಯ ಬಗ್ಗೆ ದೂರುವಂಥದ್ದೇನಿಲ್ಲ. ಮುಂಗಡ ಬೇಡಿಕೆಯಾದ್ದರಿಂದ ಕಾಯಬೇಕು, ಎಷ್ಟು ಕಾಯಬೇಕೆಂದು ಮೊದಲೇ ತಿಳಿಸುತ್ತಾರೆ, ಹೇಳಿದ ವಾರದಲ್ಲಿಯೇ ಪೊಟ್ಟಣ ಬರುತ್ತದೆ. ಟೀಲ್ ಬಣ್ಣ ಬಿಟ್ಟದ್ದನ್ನು ಬರೆದು ತಿಳಿಸಿದಾಗ ಬದಲಿ ಲಡಿ ಕಳುಹಿಸುವುದಾಗಿ ಹೇಳಿದರು, ನಾನು ಬೇಡವೆಂದೆ. ಗುಲಾಬಿ ಚೀಟಿಯನ್ನು ತಿದ್ದಿ ಎಂದು ಬರೆದದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ. ಟೀಲ್ ಲಡಿಯನ್ನು ಚೀಟಿಗಾಗಿಯಾದರೂ ಕೊಳ್ಳಿ, ಜಾಲಿಸಿ ಬಳಸಿ. ಶಾಲು ಹೆಣೆಯುವವರಿಗೆ ಚಿನ್ನದ ಬಣ್ಣ, ಕಾಲುಚೀಲಕ್ಕೆ ಗುಲಾಬಿ. ಲ್ಯಾವೆಂಡರನ್ನು ನಾನು ಮತ್ತೆ ತರಿಸಲಾರೆ. ಇದೇ ಬಣ್ಣಗಳನ್ನು ಹತ್ತಿಯ ನೂಲಿನ ಮೇಲೂ ತರುವುದಾದರೆ ಹತ್ತಿಗೆ ಬೇರೆ ಜಾತಿಯ ಬಣ್ಣಗಳು ಬೇಕು, ಉಣ್ಣೆಯ ಆಸಿಡ್ ಡೈ ಅದಕ್ಕೆ ಹಿಡಿಯುವುದಿಲ್ಲ. ಆ ಶ್ರಮಕ್ಕೆ ಘಟಕ ಸಿದ್ಧವಾದರೆ ಟೊಪ್ಪಿಗೆಯ ಸಲಹೆಯನ್ನು ಚೀಟಿಯಲ್ಲಿ ಹಾಗೆಯೇ ಉಳಿಸಿಕೊಳ್ಳಬಹುದು.